ನೆಟ್ಟಿದ್ದೆಷ್ಟು ಅಂತ ಅಲ್ಲ, ಉಳಿದಿದ್ದೆಷ್ಟು ಅಂತ ಕೇಳಿ

[ನಮ್ಮ ಚಾನೆಲ್‌ನಲ್ಲಿ ಪ್ರಸಾರವಾದ ಮಾತಿನ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.]



ನಾನು ಗುರುಗ್ರಾಮದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಊರು ಹಿರಿಯೂರಿನ ಹತ್ತಿರ. ದೆಹಲಿ ಕಡೆ ಬಂದು ಒಂಬತ್ತು ವರ್ಷ ಆಯ್ತು. ಇವತ್ತು ನಾನು ಒಂದು ಸರ್ಟಿಫಿಕೇಟ್ ಬಗ್ಗೆ ಮಾತಾಡಬೇಕು. ಅದನ್ನ ಡಿಸೈನ್ ಮಾಡಿದವನು ನಾನೇ. ಹಸಿರು ಬಾರ್ಡರ್, ಮೂಲೆಯಲ್ಲಿ ಒಂದು ಎಲೆ, ಮಧ್ಯದಲ್ಲಿ ಮಗುವಿನ ಹೆಸರು. ಕೆಳಗೆ ಒಂದು ಸಾಲು: "ನಿಮ್ಮ ಪ್ರವಾಸದ ಇಂಗಾಲದ ಋಣ ತೀರಿದೆ."

ಆ ಸಾಲು ಸುಳ್ಳು. ಸುಳ್ಳು ಅಂತ ನನಗೆ ಗೊತ್ತಾಗೋಕೆ ಹನ್ನೊಂದು ತಿಂಗಳು ಬೇಕಾಯ್ತು. ಅದು ಹೇಗೆ ಗೊತ್ತಾಯ್ತು, ಆಮೇಲೆ ನಾವು ಏನು ಮಾಡಿದ್ವಿ ಅನ್ನೋದೇ ಇವತ್ತಿನ ವಿಷಯ.

ಹಿನ್ನೆಲೆ ಹೇಳ್ತೀನಿ. ದೆಹಲಿ, ಗುರುಗ್ರಾಮ, ನೋಯ್ಡಾದಲ್ಲಿ ಇರೋ ನಾವು ಹತ್ತೊಂಬತ್ತು ಕನ್ನಡದ ಕುಟುಂಬಗಳು ಒಂದು ವಾಟ್ಸಾಪ್ ಗುಂಪು ಮಾಡ್ಕೊಂಡಿದ್ದೀವಿ. ದೊಡ್ಡ ಸಂಘ ಏನಲ್ಲ. ಯುಗಾದಿಗೆ ಒಟ್ಟಿಗೆ ಊಟ, ರಜೆ ಸಿಕ್ಕಿದಾಗ ಒಟ್ಟಿಗೆ ಪ್ರವಾಸ. ದೆಹಲಿಯಲ್ಲಿ ಇರೋರಿಗೆ ಪ್ರವಾಸ ಅಂದ್ರೆ ನಿಮಗೆ ಗೊತ್ತಲ್ಲ. ಮೇ ತಿಂಗಳಲ್ಲಿ ಬಿಸಿಲು 45 ಡಿಗ್ರಿ ಮುಟ್ಟುತ್ತೆ, ಇಡೀ ಊರು ಕಾರು ಹತ್ತಿ ಬೆಟ್ಟದ ಕಡೆ ಹೊರಡುತ್ತೆ. ಮನಾಲಿ, ಮಸ್ಸೂರಿ, ನೈನಿತಾಲ್. ಜೊತೆಗೆ ವರ್ಷಕ್ಕೆ ಒಂದೋ ಎರಡೋ ಸಲ ವಿಮಾನದಲ್ಲಿ ಬೆಂಗಳೂರು. ಅಲ್ಲಿಂದ ಊರು, ಆಮೇಲೆ ಕೂರ್ಗೋ ಗೋಕರ್ಣವೋ.

2022ರ ಬೇಸಿಗೆಯಲ್ಲಿ ಇಲ್ಲಿ ಬಿಸಿಗಾಳಿ ಮಾರ್ಚ್‌ನಲ್ಲೇ ಶುರುವಾಯ್ತು. ಅದೇ ಸಮಯದಲ್ಲಿ ಗುಂಪಿನಲ್ಲಿ ಯಾರೋ ಕೇಳಿದ್ರು, "ನಾವು ಬಿಸಿಲು ತಪ್ಪಿಸಿಕೊಳ್ಳೋಕೆ ಪೆಟ್ರೋಲ್ ಸುಡ್ತಾ ಇದ್ದೀವಿ, ಅದರಿಂದ ಬಿಸಿಲು ಇನ್ನೂ ಜಾಸ್ತಿ ಆಗ್ತಿದೆ. ಏನಾದ್ರೂ ಮಾಡಬೇಕಲ್ವಾ?" ಒಳ್ಳೆ ಪ್ರಶ್ನೆ. ತಕ್ಷಣ ಉತ್ತರವೂ ಬಂತು: ಗಿಡ ನೆಡೋಣ. ಲೆಕ್ಕ ಮಾಡೋ ಕೆಲಸ ನನ್ನ ತಲೆಗೆ ಬಂತು. ಸಾಫ್ಟ್‌ವೇರ್‌ನವನು ಅಂದ್ರೆ ಎಕ್ಸೆಲ್ ಮಾಡೋನು ಅಂತಾನೇ ಅರ್ಥ ನಮ್ಮಲ್ಲಿ.

ಲೆಕ್ಕದ ಮೊದಲ ಅರ್ಧವನ್ನ ನಾನು ಸರಿಯಾಗೇ ಮಾಡಿದ್ದೆ. ಅದನ್ನ ನಿಮ್ಮ ಮುಂದೆಯೂ ಇಡ್ತೀನಿ, ಯಾಕಂದ್ರೆ ಇದನ್ನ ಯಾರು ಬೇಕಾದ್ರೂ ಮನೆಯಲ್ಲಿ ಮಾಡಬಹುದು.

ದೆಹಲಿಯಿಂದ ಬೆಂಗಳೂರಿಗೆ ವಿಮಾನದ ದಾರಿ ಸುಮಾರು 1,700 ಕಿಲೋಮೀಟರ್. ನಮ್ಮಲ್ಲಿ ಹಾರೋ ಸಾಮಾನ್ಯ ವಿಮಾನ, ಸೀಟು ಬಹುಪಾಲು ತುಂಬಿದ್ರೆ, ಒಬ್ಬ ಪ್ರಯಾಣಿಕನನ್ನ 100 ಕಿಲೋಮೀಟರ್ ಒಯ್ಯೋಕೆ ಸುಮಾರು 3 ಲೀಟರ್ ಇಂಧನ ಸುಡುತ್ತೆ. ಅಂದ್ರೆ ಒಬ್ಬರಿಗೆ ಹೋಗೋಕೆ 50 ಲೀಟರ್ ಚಿಲ್ಲರೆ. ಒಂದು ಲೀಟರ್ ವಿಮಾನದ ಇಂಧನ ಉರಿದ್ರೆ ಸುಮಾರು ಎರಡೂವರೆ ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತೆ.

ಒಂದು ಲೀಟರ್ ಇಂಧನದ ತೂಕವೇ ಒಂದು ಕೆ.ಜಿ. ಇಲ್ಲ, ಎರಡೂವರೆ ಕೆ.ಜಿ. ಹೊಗೆ ಹೇಗೆ ಬಂತು ಅಂತ ಕೇಳ್ತಾರೆ. ಇಂಧನದಲ್ಲಿರೋದು ಇಂಗಾಲ. ಅದು ಉರಿಯುವಾಗ ಗಾಳಿಯಲ್ಲಿರೋ ಆಮ್ಲಜನಕವನ್ನ ಜೊತೆಗೆ ಕಟ್ಟಿಕೊಳ್ಳುತ್ತೆ. 12 ತೂಕದ ಇಂಗಾಲಕ್ಕೆ 32 ತೂಕದ ಆಮ್ಲಜನಕ ಸೇರಿ 44 ಆಗುತ್ತೆ. ಹೈಸ್ಕೂಲಿನ ರಸಾಯನಶಾಸ್ತ್ರ, ಅಷ್ಟೇ. ಈ 12 ಮತ್ತು 44 ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಹಾಗಾಗಿ ಒಬ್ಬರು ಒಂದು ಸಲ ಬೆಂಗಳೂರಿಗೆ ಹಾರಿದ್ರೆ ಸುಮಾರು 130 ಕೆ.ಜಿ. ಹೋಗಿ ಬಂದ್ರೆ 260. ನಾಲ್ಕು ಜನರ ಕುಟುಂಬಕ್ಕೆ ಹೆಚ್ಚುಕಡಿಮೆ ಒಂದು ಟನ್. ವಿಮಾನ ಆಕಾಶದಲ್ಲಿ ಬಿಟ್ಟು ಹೋಗೋ ಬಿಳಿ ಗೆರೆಗಳೂ ಭೂಮಿಯನ್ನ ಬಿಸಿ ಮಾಡ್ತವೆ, ಅದನ್ನ ನಾನು ಇಲ್ಲಿ ಸೇರಿಸಿಲ್ಲ.

ಈಗ ಕಾರು. ಮನಾಲಿಗೆ ಹೋಗಿ ಬರೋದು 1,100 ಕಿಲೋಮೀಟರ್ ಅಂತ ಇಟ್ಕೊಳ್ಳಿ. ಲೀಟರ್‌ಗೆ 15 ಕಿಲೋಮೀಟರ್ ಕೊಟ್ರೆ 73 ಲೀಟರ್ ಪೆಟ್ರೋಲ್. ಲೀಟರ್‌ಗೆ 2.3 ಕೆ.ಜಿ. ಹೊಗೆ. ಒಟ್ಟು 170 ಕೆ.ಜಿ. ಇದು ಇಡೀ ಕುಟುಂಬಕ್ಕೆ. ಅಂದ್ರೆ ನಾಲ್ಕು ಜನ ಕಾರಿನಲ್ಲಿ ಮನಾಲಿಗೆ ಹೋಗಿ ಬಂದದ್ದು, ಒಬ್ಬನೇ ವಿಮಾನದಲ್ಲಿ ಬೆಂಗಳೂರಿಗೆ ಹೋಗಿ ಬಂದದ್ದಕ್ಕಿಂತ ಕಡಿಮೆ. ನಮ್ಮ ಗುಂಪಿನಲ್ಲಿ ಯಾರೂ ಇದನ್ನ ಊಹಿಸಿರಲಿಲ್ಲ. ಎಲ್ರೂ ಕಾರಿನ ಬಗ್ಗೆ ಪಶ್ಚಾತ್ತಾಪ ಪಡ್ತಾ ಇದ್ರು, ವಿಮಾನ ಲೆಕ್ಕದಲ್ಲೇ ಇರಲಿಲ್ಲ.

ಇದು ನಮ್ಮೊಬ್ಬರ ಕಥೆ ಅಲ್ಲ. 2018ರಲ್ಲಿ ನೇಚರ್ ಕ್ಲೈಮೇಟ್ ಚೇಂಜ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಪ್ರಯಾಣ, ಹೋಟೆಲ್, ಊಟ, ಶಾಪಿಂಗ್ ಎಲ್ಲ ಸೇರಿಸಿದ್ರೆ ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಸುಮಾರು 8 ಶೇಕಡಾ ಪ್ರವಾಸೋದ್ಯಮದ್ದು. ಸಣ್ಣ ಸಂಖ್ಯೆ ಅಲ್ಲ.

ಸರಿ, ಋಣ ಎಷ್ಟು ಅಂತ ಗೊತ್ತಾಯ್ತು. ತೀರಿಸೋದು ಹೇಗೆ? ಇಂಟರ್ನೆಟ್‌ನಲ್ಲಿ ಹುಡುಕಿದೆ. ಒಂದು ಮರ ವರ್ಷಕ್ಕೆ ಇಪ್ಪತ್ತು ಚಿಲ್ಲರೆ ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೀರುತ್ತೆ ಅಂತ ಎಲ್ಲ ಕಡೆ ಬರೆದಿರುತ್ತಾರಲ್ಲ, ಅದನ್ನೇ ತಗೊಂಡೆ. ಯಾವ ಮರ, ಯಾವ ಮಣ್ಣು, ಎಷ್ಟು ವಯಸ್ಸು, ಏನೂ ಕೇಳಲಿಲ್ಲ. ಭಾಗಾಕಾರ ಮಾಡಿದೆ. 120 ಸಸಿ ಅಂತ ಬಂತು.

2022ರ ಜುಲೈನಲ್ಲಿ ಒಂದು ಭಾನುವಾರ ಅನುಮತಿ ತಗೊಂಡು, ರಸ್ತೆ ಬದಿಯ ಒಂದು ಖಾಲಿ ಪಟ್ಟಿಯಲ್ಲಿ 120 ಸಸಿ ನೆಟ್ವಿ. ಮಕ್ಕಳು ಕುಣಿದಾಡಿದ್ರು. ಚಿತ್ರಾನ್ನ, ಮೊಸರನ್ನ, ಫೋಟೊ. ಸಂಜೆ ನನ್ನ ಸರ್ಟಿಫಿಕೇಟ್ ಎಲ್ಲರ ಮೊಬೈಲಿಗೆ ಹೋಯ್ತು. ಅದರಲ್ಲಿ ಕ್ಯೂಆರ್ ಕೋಡ್ ಬೇರೆ! ಸ್ಕ್ಯಾನ್ ಮಾಡಿದ್ರೆ ನಿಮ್ಮ ಗಿಡದ ಫೋಟೊ, ಜಾಗದ ಮ್ಯಾಪು.

[ಪರದೆಯ ಮೇಲೆ ಫೋಟೊ: ಸಾಲಾಗಿ ನೆಟ್ಟ ಸಸಿಗಳು]

ಇದು ಆ ದಿನದ ಫೋಟೊ.

ಮುಂದಿನ ವರ್ಷ ಜೂನ್‌ನಲ್ಲಿ ನನ್ನ ಗೆಳೆಯನ ಮಗಳು, ಆಗ ಅವಳಿಗೆ ಏಳು ವರ್ಷ, "ನನ್ನ ಗಿಡ ನೋಡಬೇಕು" ಅಂದಳು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಮ್ಯಾಪ್ ಹಿಡ್ಕೊಂಡು ಹೋದ್ವಿ. ಜಾಗ ಸರಿಯಾಗೇ ತೋರಿಸ್ತು. ಕರಾರುವಾಕ್ಕಾಗಿ ಆ ಜಾಗದಲ್ಲಿ ಒಂದು ರಾಶಿ ಕಟ್ಟಡದ ಅವಶೇಷ ಬಿದ್ದಿತ್ತು. ಹುಡುಗಿ ಅಳಲಿಲ್ಲ. ಅವಳು ಕೇಳಿದ್ದು ಇಷ್ಟೇ: "ಅಂಕಲ್, ಈಗ ಸರ್ಟಿಫಿಕೇಟ್ ವಾಪಸ್ ಕೊಡಬೇಕಾ?"

ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಅವತ್ತು ಸಂಜೆ ನಾನೂ ಗೆಳೆಯನೂ ಪೂರ್ತಿ ಪಟ್ಟಿ ನಡೆದು ಎಣಿಸಿದ್ವಿ. 120ರಲ್ಲಿ 23 ಜೀವಂತ. ಉಳಿದವು ಯಾಕೆ ಸತ್ತವು ಅಂತ ನೋಡಿದ್ರೆ ಒಂದೇ ಕಾರಣ ಇಲ್ಲ. ಕೆಲವನ್ನ ದನ ತಿಂದಿದೆ, ಕೆಲವಕ್ಕೆ ಗೆದ್ದಲು. ಬಹಳಷ್ಟು ಬೇಸಿಗೆಯಲ್ಲಿ ನೀರಿಲ್ಲದೆ ಒಣಗಿವೆ. ಒಣಗಿದ ಒಂದು ಸಸಿ ಕಿತ್ತು ನೋಡಿದ್ರೆ ಬೇರಿನ ಸುತ್ತ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಚೀಲ ಹಾಗೇ ಇದೆ. ಫೋಟೊದ ಗಡಿಬಿಡಿಯಲ್ಲಿ ನಾವು ಚೀಲವನ್ನೇ ಹರಿದಿರಲಿಲ್ಲ. ಹನ್ನೆರಡು ಸಸಿಗಳ ಬೇರಿನಲ್ಲಿ ಚೀಲ ಸಿಕ್ತು.

ಮನೆಗೆ ಬಂದು ನನ್ನ ಡೇಟಾಬೇಸ್ ತೆಗೆದೆ. ಗಿಡದ ಹೆಸರು ಇತ್ತು, ಅಕ್ಷಾಂಶ ರೇಖಾಂಶ ಇತ್ತು, ನೆಟ್ಟ ದಿನಾಂಕ ಇತ್ತು, ನೆಟ್ಟವರ ಹೆಸರು ಇತ್ತು. "ಬದುಕಿದೆಯಾ" ಅನ್ನೋ ಕಾಲಂ ಇರಲಿಲ್ಲ. ನೀರು ಹಾಕಿದ ದಿನಾಂಕದ ಕಾಲಂ ಇರಲಿಲ್ಲ. ನನ್ನ ಸಿಸ್ಟಮ್ಮಿನ ಪ್ರಕಾರ ಸತ್ತ ಗಿಡವೂ ಪ್ರತಿ ವರ್ಷ ಇಪ್ಪತ್ತು ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೀರ್ತಾ ಇತ್ತು. ಅಮ್ಮನಿಗೆ ಫೋನ್‌ನಲ್ಲಿ ಹೇಳಿದೆ. ಅವರು, "ಎಂ.ಟೆಕ್ ಓದಿದೀಯ, ಗಿಡಕ್ಕೆ ನೀರು ಹಾಕಬೇಕು ಅಂತ ಅದರಲ್ಲಿ ಹೇಳಿಕೊಡಲಿಲ್ವಾ?" ಅಂದ್ರು.

ಕೋಡ್‌ನಲ್ಲಿ ಬಗ್ ಸಿಕ್ಕಿದ್ರೆ ನಾವು ಮಾಡೋದು ಏನು? ಅದು ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋಗ್ತೀವಿ. ಹಾಗೆ ಹೋದಾಗ ಗೊತ್ತಾಯ್ತು, ಗಿಡಗಳು ಎಲ್ಲ ಬದುಕಿದ್ರೂ ನನ್ನ ಲೆಕ್ಕ ತಪ್ಪೇ ಅಂತ.

ಈಗ ಮೊದಲಿನ 12 ಮತ್ತು 44ಕ್ಕೆ ಬರೋಣ. ಒಂದು ಟನ್ ಇಂಗಾಲದ ಡೈಆಕ್ಸೈಡ್‌ನಲ್ಲಿ ಇಂಗಾಲ ಎಷ್ಟು? 1,000 ಕೆ.ಜಿ.ಯನ್ನ 44ರಿಂದ ಭಾಗಿಸಿ 12ರಿಂದ ಗುಣಿಸಿ. 273 ಕೆ.ಜಿ. ಮರದ ಒಣ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಅಂದ್ರೆ ಒಂದು ಕುಟುಂಬದ ಒಂದು ಬೆಂಗಳೂರು ಟ್ರಿಪ್ಪನ್ನ ಗಾಳಿಯಿಂದ ವಾಪಸ್ ತೆಗೀಬೇಕಾದ್ರೆ ಬೇರು, ಕಾಂಡ, ಕೊಂಬೆ ಎಲ್ಲ ಸೇರಿ ಸುಮಾರು 545 ಕೆ.ಜಿ. ಒಣ ಮರ ಬೆಳೀಬೇಕು.

ಇಲ್ಲಿನ ಕಲ್ಲು ನೆಲದಲ್ಲಿ, ವರ್ಷದ ಮಳೆಯೆಲ್ಲ ಹೆಚ್ಚುಕಡಿಮೆ ಜುಲೈನಿಂದ ಸೆಪ್ಟೆಂಬರ್ ಒಳಗೆ ಮುಗಿಯೋ ಜಾಗದಲ್ಲಿ, ಒಂದು ಮರ ಹತ್ತು ವರ್ಷದಲ್ಲಿ 20 ಕೆ.ಜಿ. ಒಣ ತೂಕ ಕಟ್ಟಿಕೊಳ್ತು ಅಂತ ಇಟ್ಕೊಳ್ಳೋಣ. ಇದು ನನ್ನ ಅಂದಾಜು, ನೀವು ಬೇರೆ ಸಂಖ್ಯೆ ಹಾಕಿ ನೋಡಬಹುದು. ಆಗ 27 ಮರ ಬೇಕು. ನೆಟ್ಟ 27 ಅಲ್ಲ, ಹತ್ತು ವರ್ಷ ಬದುಕಿದ 27. ಮರಕ್ಕೆ ಮೂರು ಮೀಟರ್ ಅಂತರ ಕೊಟ್ರೆ ನಮ್ಮ ಬೆಂಗಳೂರಿನ ಭಾಷೆಯಲ್ಲಿ ಎರಡು 30×40 ಸೈಟು ತುಂಬಿ ಸ್ವಲ್ಪ ಆಚೆ ಹೋಗುತ್ತೆ. ಒಂದು ಟ್ರಿಪ್ಪಿಗೆ ಎರಡು ಸೈಟು. ಪ್ರತಿ ವರ್ಷ ಹೋದ್ರೆ ಹತ್ತು ವರ್ಷಕ್ಕೆ ಇಪ್ಪತ್ತು ಸೈಟಿಗಿಂತ ಜಾಸ್ತಿ. ಇದು ಒಂದು ಮನೆಯ ಲೆಕ್ಕ. ದೆಹಲಿ ವಿಮಾನ ನಿಲ್ದಾಣದಲ್ಲಿ ಒಂದು ದಿನ ನಿಂತು ನೋಡಿ, ಅಷ್ಟು ಸೈಟು ಎಲ್ಲಿಂದ ತರೋದು?

ಜಾಗದ ಪ್ರಶ್ನೆಯ ಮೇಲೆ ಸಮಯದ ಪ್ರಶ್ನೆ ಇದೆ. ಹೊಗೆ ಎರಡೂವರೆ ಮೂರು ಗಂಟೆಯಲ್ಲಿ ಗಾಳಿಗೆ ಹೋಯ್ತು. ಮರ ಅದನ್ನ ವಾಪಸ್ ತಗೊಳ್ಳೋಕೆ ದಶಕಗಳು ಬೇಕು. ಇವತ್ತು ಅಂಗಡಿಯಲ್ಲಿ ಸಾಮಾನು ತಗೊಂಡು, ದುಡ್ಡಿನ ಬದಲು ಒಂದು ತೆಂಗಿನ ಸಸಿ ನೆಟ್ಟು, "ಇದು ಕಾಯಿ ಬಿಟ್ಟಾಗ ತಗೊಳ್ಳಿ" ಅಂದ್ರೆ ಅಂಗಡಿಯವನು ಒಪ್ತಾನಾ?

ಆಮೇಲೆ ಖಾತ್ರಿ. ನೆಲದ ಆಳದಲ್ಲಿದ್ದ ಎಣ್ಣೆ ಕೋಟ್ಯಂತರ ವರ್ಷ ಅಲ್ಲೇ ಇತ್ತು. ಮರಕ್ಕೆ ಬೆಂಕಿ ಬೀಳಬಹುದು, ರಸ್ತೆ ಬರಬಹುದು. ಬಿದ್ದು ಕೊಳೆತರೆ ಇಂಗಾಲ ಮತ್ತೆ ಗಾಳಿಗೆ.

ಇದನ್ನ ಕೋರ್ಟುಗಳೂ ನೋಡಿವೆ. 2024ರ ಮಾರ್ಚ್‌ನಲ್ಲಿ ಆಮ್‌ಸ್ಟರ್‌ಡ್ಯಾಂ ಕೋರ್ಟು ಕೆಎಲ್ಎಂ ವಿಮಾನ ಸಂಸ್ಥೆಯ ಪರಿಸರ ಜಾಹೀರಾತುಗಳು ಜನರ ದಾರಿ ತಪ್ಪಿಸುತ್ತವೆ ಅಂತ ತೀರ್ಪು ಕೊಡ್ತು. ಮರ ನೆಡೋದು, ಬೇರೆ ಇಂಧನ ಬಳಸೋದು ಇವೆಲ್ಲ ಹಾರಾಟದ ಹಾನಿಯನ್ನ ತೀರಾ ಸ್ವಲ್ಪ ಮಾತ್ರ ಕಡಿಮೆ ಮಾಡ್ತವೆ, ಆದ್ರೆ ಜಾಹೀರಾತು ಚಿತ್ರವನ್ನ ಗುಲಾಬಿ ಬಣ್ಣದಲ್ಲಿ ತೋರಿಸುತ್ತೆ ಅನ್ನೋದು ಅದರ ಸಾರ. ಓದಿದಾಗ ನನ್ನ ಸರ್ಟಿಫಿಕೇಟ್ ನೆನಪಾಯ್ತು. ನಾನು ಜಾಹೀರಾತು ಮಾಡಿರಲಿಲ್ಲ, ದುಡ್ಡೂ ತಗೊಂಡಿರಲಿಲ್ಲ. ಆದ್ರೆ ಸರ್ಟಿಫಿಕೇಟ್ ಬಂದ ಮೇಲೆ ನಮ್ಮ ಗುಂಪಿನಲ್ಲಿ ಒಬ್ಬರು, "ಹೇಗೂ ಗಿಡ ನೆಟ್ಟಿದ್ದೀವಲ್ಲ" ಅಂತ ಹೇಳಿ ಇನ್ನೊಂದು ವಿಮಾನದ ಪ್ರವಾಸ ಬುಕ್ ಮಾಡಿದ್ರು. ನನ್ನ ಕಾಗದ ಹೊಗೆಯನ್ನ ಕಡಿಮೆ ಮಾಡಲಿಲ್ಲ, ಜಾಸ್ತಿ ಮಾಡ್ತು.

ಹಾಗಾದ್ರೆ ಗಿಡ ನೆಡೋದೇ ಬೇಡವಾ? ಇಲ್ಲಿಗೆ ನಿಲ್ಲಿಸಿದ್ರೆ ನಾನು ಇನ್ನೊಂದು ತಪ್ಪು ಮಾಡಿದ ಹಾಗಾಗುತ್ತೆ. ಯಾಕಂದ್ರೆ ಆ ಜೂನ್ ಆದ ಮೇಲೆ ನಾವು ಒಂದು ಜಾಗಕ್ಕೆ ಹೋದ್ವಿ.

ಗುರುಗ್ರಾಮದಲ್ಲಿ, ಗುರು ದ್ರೋಣಾಚಾರ್ಯ ಮೆಟ್ರೊ ನಿಲ್ದಾಣದ ಹತ್ತಿರ, ಅರಾವಳಿ ಜೈವವೈವಿಧ್ಯ ಉದ್ಯಾನ ಅಂತ ಇದೆ. ಸುಮಾರು 390 ಎಕರೆ. ಇದು ಹಿಂದೆ ಕಲ್ಲು ಗಣಿ. ಬೆಟ್ಟ ಒಡೆದು, ಪುಡಿ ಮಾಡಿ, ಊರು ಕಟ್ಟಿದ ಜಾಗ. 2010ರಲ್ಲಿ 'ಐ ಆ್ಯಮ್ ಗುರ್‌ಗಾಂವ್' ಅನ್ನೋ ನಾಗರಿಕರ ಸಂಸ್ಥೆ, ಅಲ್ಲಿನ ನಗರಪಾಲಿಕೆ ಜೊತೆ ಸೇರಿ, ಅದನ್ನ ಮತ್ತೆ ಕಾಡು ಮಾಡೋ ಕೆಲಸ ಶುರು ಮಾಡ್ತು. ಪರಿಸರ ಪುನಶ್ಚೇತನದ ಕೆಲಸ ನೋಡಿಕೊಂಡವರು ವಿಜಯ್ ಧಸ್ಮಾನ. ಶಾಲೆ ಮಕ್ಕಳು, ಕಂಪನಿ ನೌಕರರು, ಸುತ್ತಮುತ್ತಲಿನ ಮನೆಯವರು ಬಂದು ಗುಂಡಿ ತೋಡಿದ್ರು, ಸಸಿ ನೆಟ್ರು. 2022ರ ಫೆಬ್ರುವರಿಯಲ್ಲಿ ಅದಕ್ಕೆ ದೇಶದ ಮೊದಲ ಓಇಸಿಎಂ ಅನ್ನೋ ಮಾನ್ಯತೆ ಬಂತು. ಅಂದ್ರೆ ಅಭಯಾರಣ್ಯ ಅಲ್ಲದಿದ್ರೂ ಜೀವವೈವಿಧ್ಯವನ್ನ ಕಾಪಾಡ್ತಿರೋ ಜಾಗ ಅಂತ.

ನಾನು ಅಲ್ಲಿ ಕಲಿತದ್ದು ಮೂರು ವಿಷಯ.

ಒಂದು, ಯಾವ ಗಿಡ. ಗೇಟಿನ ಹತ್ರ ನಡೀತಾ ಒಂದು ಮುಳ್ಳುಗಿಡ ಕಾಣಿಸ್ತು, "ಅಯ್ಯೋ, ನಮ್ಮ ಬಳ್ಳಾರಿ ಜಾಲಿ!" ಅಂದೆ. ಹಿರಿಯೂರು, ಚಳ್ಳಕೆರೆ ಕಡೆಯವರಿಗೆ ಗೊತ್ತು, ಕೆರೆ ಅಂಗಳ ಪೂರ್ತಿ ಅದೇ. ಇಲ್ಲಿ ಅದಕ್ಕೆ ವಿಲಾಯತಿ ಕಿಕರ್ ಅಂತಾರೆ. ಮೂಲ ಅಮೆರಿಕ ಖಂಡದ್ದು. ದೆಹಲಿಯ ಬೆಟ್ಟಸಾಲನ್ನ ಬೇಗ ಹಸಿರು ಮಾಡಬೇಕು ಅಂತ ಬ್ರಿಟಿಷರ ಕಾಲದಲ್ಲಿ ತಂದು ಹಾಕಿದ್ದು. ಬೇಗ ಹಸಿರಾಯ್ತು, ಆಮೇಲೆ ತನ್ನ ಪಕ್ಕ ಬೇರೆಯದನ್ನ ಬೆಳೆಯೋಕೆ ಬಿಡಲಿಲ್ಲ. ಹಸಿರಿನ ಲೆಕ್ಕ ಮಾತ್ರ ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೆ ದೆಹಲಿಯಲ್ಲೂ ಚಿತ್ರದುರ್ಗದಲ್ಲೂ ಅದೇ ಉದಾಹರಣೆ. ಉದ್ಯಾನದವರು ಅದರ ಜಾಗದಲ್ಲಿ ಅರಾವಳಿಯದೇ ಮರಗಳನ್ನ ತಂದ್ರು. ನಮ್ಮ ದಿಂಡಿಗದ ಸೋದರ ಜಾತಿಯ ಧೌ, ಧೂಪದ ಅಂಟು ಕೊಡೋ ಸಲಾಯಿ, ನಮ್ಮಲ್ಲೂ ಇರೋ ಮುತ್ತುಗ, ಬಿಳಿ ಜಾಲಿ. ನಾವು ನೆಟ್ಟಿದ್ದು ಏನು ಗೊತ್ತಾ? ನರ್ಸರಿಯಲ್ಲಿ ಚೆನ್ನಾಗಿ ಕಂಡ ಗುಲ್‌ಮೊಹರ್, ಕೊನೊಕಾರ್ಪಸ್.

ಎರಡು, ಸಸಿ ಎಲ್ಲಿಂದ. ಈ ಕಾಡುಮರಗಳ ಸಸಿ ಅಂಗಡಿಯಲ್ಲಿ ಸಿಗಲ್ಲ. ಅರಾವಳಿಯಲ್ಲಿ ಉಳಿದಿರೋ ಕಾಡುಗಳಿಂದ ಬೀಜ ಹುಡುಕಿ ತಂದು, ತಮ್ಮದೇ ನರ್ಸರಿಯಲ್ಲಿ ಬೆಳೆಸಬೇಕಾಯ್ತು. ಅಂದ್ರೆ ನೆಡೋ ಭಾನುವಾರಕ್ಕಿಂತ ಮುಂಚೆ ಎಷ್ಟೋ ತಿಂಗಳ ಕೆಲಸ ಆಗಿರುತ್ತೆ. ಫೋಟೊದಲ್ಲಿ ಕಾಣೋದು ಮಧ್ಯದ ಒಂದು ದಿನ ಮಾತ್ರ.

ಮೂರು, ಆಮೇಲಿನ ವರ್ಷಗಳು. ನೀರು, ಕಳೆ, ಬೇಲಿ, ಸತ್ತ ಜಾಗದಲ್ಲಿ ಮತ್ತೆ ಸಸಿ. 2010ರಲ್ಲಿ ಶುರುವಾದದ್ದಕ್ಕೆ ಮಾನ್ಯತೆ ಬಂದದ್ದು 2022ರಲ್ಲಿ. ಹನ್ನೆರಡು ವರ್ಷ. ನಮ್ಮ ಕಾರ್ಯಕ್ರಮ ನಡೆದದ್ದು ಬೆಳಿಗ್ಗೆ ಏಳರಿಂದ ಹನ್ನೊಂದು.

ಆ ಉದ್ಯಾನದಲ್ಲಿ ಬೇಸಿಗೆಯಲ್ಲೂ ನೆರಳಿದೆ, ಹಕ್ಕಿ ಇದೆ, ಮಳೆ ನೀರು ನೆಲಕ್ಕೆ ಇಳಿಯುತ್ತೆ. ಯಾರ ವಿಮಾನದ ಹೊಗೆಗೂ ಅದು ಉತ್ತರ ಅಲ್ಲ, ಆಗಬೇಕಾಗಿಯೂ ಇಲ್ಲ. ಊರಿಗೆ ಕಾಡು ಬೇಕು, ಅಷ್ಟು ಸಾಕು ಕಾರಣ.

ಇನ್ನೊಂದು ಜಾಗ ಹೇಳಲೇಬೇಕು. ಗುರುಗ್ರಾಮದಿಂದ ಫರಿದಾಬಾದ್‌ಗೆ ಹೋಗೋ ದಾರಿಯಲ್ಲಿ ಮಾಂಗರ್ ಬನಿ ಇದೆ. ಗುಜ್ಜರ್ ಸಮುದಾಯದ ಹಳ್ಳಿಗಳವರು ಗುದಡಿಯಾ ದಾಸ್ ಬಾಬಾ ಹೆಸರಲ್ಲಿ ಕಾಪಾಡಿಕೊಂಡು ಬಂದ ಕಾಡು. ಅಲ್ಲಿ ಕೊಂಬೆ ಮುರಿಯೋ ಹಾಗಿಲ್ಲ. ನಮ್ಮ ಕೊಡಗಿನ ದೇವರಕಾಡು ಇದೆಯಲ್ಲ, ಅದೇ ಕಟ್ಟಳೆ. ದೆಹಲಿಯ ಪಕ್ಕದಲ್ಲಿ ಅಷ್ಟು ಒತ್ತಾಗಿ ಧೌ ಬೆಳೆದಿರೋದು ನಾನು ಬೇರೆಲ್ಲೂ ನೋಡಿಲ್ಲ. ಅದನ್ನ ಯಾರೂ ನೆಟ್ಟಿದ್ದಲ್ಲ. ಕಡಿಯದೇ ಬಿಟ್ಟಿದ್ದು.

2018ರಲ್ಲಿ ದಕ್ಷಿಣ ದೆಹಲಿಯ ಸರೋಜಿನಿ ನಗರ, ನೇತಾಜಿ ನಗರ, ನೌರೋಜಿ ನಗರದ ಸರ್ಕಾರಿ ಕಾಲೊನಿಗಳನ್ನ ಹೊಸದಾಗಿ ಕಟ್ಟೋಕೆ ಸಾವಿರಾರು ಮರ ಕಡಿಯೋ ಯೋಜನೆ ಇತ್ತು. ಒಂದು ಮರಕ್ಕೆ ಬದಲಾಗಿ ಹತ್ತು ಸಸಿ ನೆಡ್ತೀವಲ್ಲ ಅನ್ನೋದು ಅಧಿಕಾರಿಗಳ ಉತ್ತರ. ಜನ ಒಪ್ಪಲಿಲ್ಲ. ಚಿಪ್ಕೊ ಮಾಡಿದ ಹಾಗೆ, ನಮ್ಮ ಶಿರಸಿಯವರು 1983ರಲ್ಲಿ ಅಪ್ಪಿಕೊ ಮಾಡಿದ ಹಾಗೆ, ಮರ ಅಪ್ಪಿ ನಿಂತ್ರು. ಹೈಕೋರ್ಟು ಕಡಿಯೋದನ್ನ ತಡೀತು. ಹತ್ತು ಸಸಿ ಒಂದು ಮರಕ್ಕೆ ಸಮ ಅನ್ನೋ ಲೆಕ್ಕ ಮತ್ತು ನನ್ನ 120 ಸಸಿಯ ಲೆಕ್ಕ, ಎರಡರಲ್ಲೂ ಇರೋ ಬಗ್ ಒಂದೇ. ಸಸಿಯನ್ನ ಎರಡೂ ಕಡೆ ಮರ ಅಂತ ಎಣಿಸಿದ್ದೀವಿ.

ಕನ್ನಡದವರ ಮುಂದೆ ಗಿಡದ ಮಾತು ಅಂದ್ಮೇಲೆ ಸಾಲುಮರದ ತಿಮ್ಮಕ್ಕನ ಹೆಸರು ಬರದೇ ಇರಲ್ಲ. 2025ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ನಮ್ಮ ಗುಂಪಿನಲ್ಲೂ ಎಲ್ಲರೂ ಫೋಟೊ ಹಾಕಿದ್ರು. 2019ರಲ್ಲಿ ಇಲ್ಲೇ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗಳ ತಲೆ ಮುಟ್ಟಿ ಆಶೀರ್ವಾದ ಮಾಡಿದ್ರಲ್ಲ, ಆ ಫೋಟೊ. ನಾವು ಅವರನ್ನ ಪೂಜೆ ಮಾಡ್ತೀವಿ, ಆದ್ರೆ ಅವರು ಕೆಲಸ ಮಾಡಿದ ರೀತಿಯನ್ನ ನೋಡೋದಿಲ್ಲ.

ನಾನು ಎಂಜಿನಿಯರ್ ಕಣ್ಣಲ್ಲಿ ನೋಡಿದೆ. ಹುಲಿಕಲ್ಲಿನಿಂದ ಕುದೂರಿನ ದಾರಿ, ನಾಲ್ಕೂವರೆ ಕಿಲೋಮೀಟರ್ ಆಸುಪಾಸು. ಮೊದಲ ವರ್ಷ ತಿಮ್ಮಕ್ಕ ಮತ್ತು ಗಂಡ ಚಿಕ್ಕಯ್ಯ ನೆಟ್ಟದ್ದು 10 ಆಲದ ಸಸಿ. ಎರಡನೇ ವರ್ಷ 15. ಮೂರನೇ ವರ್ಷ 20. ಸಾವಿರ ಅಲ್ಲ, ಲಕ್ಷ ಅಲ್ಲ. ತಾವು ಕೊಡದಲ್ಲಿ ನೀರು ಹೊತ್ತು ಹಾಕೋಕೆ ಎಷ್ಟು ಆಗುತ್ತೋ ಅಷ್ಟೇ. ಮಳೆಗಾಲದಲ್ಲಿ ನೆಡೋದು, ಮುಳ್ಳಿನ ಬೇಲಿ ಕಟ್ಟೋದು. ಕೂಲಿ ಮುಗಿಸಿ ಬಂದು ನೀರು. 385 ಮರ ಅಂತ ನಾವು ಹೇಳೋ ಸಂಖ್ಯೆ ಬರೀ ನೆಟ್ಟಿದ್ದಲ್ಲ, ನೆಟ್ಟು ಬೆಳೆಸಿದ್ದು. ಆ ಮರಗಳಿಗೂ 2019ರಲ್ಲಿ ರಸ್ತೆ ಅಗಲೀಕರಣದ ಭಯ ಬಂತು. ಅವರೇ ಹೋಗಿ ಸರ್ಕಾರದ ಹತ್ರ ಕೇಳಬೇಕಾಯ್ತು. ನೆಟ್ಟು ದಶಕಗಳಾದ ಮೇಲೂ ಕೆಲಸ ಮುಗಿದಿರಲಿಲ್ಲ.

ಈಗ ನಾವು ಏನು ಬದಲಾಯಿಸಿದ್ವಿ ಅಂತ ಹೇಳಿ ಮುಗಿಸ್ತೀನಿ.

ಸರ್ಟಿಫಿಕೇಟ್ ನಿಲ್ಲಿಸಿದ್ವಿ. ಒಂದು ಶೀಟನ್ನ ಎರಡು ಮಾಡಿದೆ. ಒಂದು ಪ್ರಯಾಣದ್ದು, ಒಂದು ಗಿಡದ್ದು. ಎರಡರ ಮಧ್ಯೆ ಯಾವ ಫಾರ್ಮುಲಾನೂ ಇಲ್ಲ. ಗಿಡದ ಸಾಲಿನಿಂದ ಪ್ರಯಾಣದ ಸಾಲನ್ನ ಕಳೆಯೋ ಹಾಗಿಲ್ಲ. ಇದೇ ಇವತ್ತಿನ ನನ್ನ ಮುಖ್ಯ ಮಾತು.

ಪ್ರಯಾಣದ ಶೀಟಿನಲ್ಲಿ ಹೊಗೆಯನ್ನ ಕಡಿಮೆ ಮಾಡೋಕೆ ಇರೋದು ಒಂದೇ ದಾರಿ, ಕಡಿಮೆ ಹೊಗೆ ಬಿಡೋದು. ರಜೆ ಇರೋ ವರ್ಷ ನಾವು ಕೆಲವು ಮನೆಯವರು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತುತ್ತೀವಿ. ಸುಮಾರು 2,400 ಕಿಲೋಮೀಟರ್, ಎರಡು ರಾತ್ರಿ. ಮಕ್ಕಳಿಗೆ ಕಲಬುರಗಿ ಬಂದಾಗ ಕನ್ನಡ ಬೋರ್ಡ್ ಕಾಣಿಸುತ್ತೆ, ಕೂಗ್ತಾರೆ. ವಿಮಾನದ ಹೊಗೆಯಲ್ಲಿ ಒಂದು ಸಣ್ಣ ಪಾಲಷ್ಟೇ ಇದರದ್ದು. ಮೂರು ದಿನದ ವಾರಾಂತ್ಯಕ್ಕೆ ವಿಮಾನ ಹತ್ತೋದನ್ನ ಬಿಟ್ಟಿದ್ದೀವಿ. ಒಂದು ಸಲ ದೂರ ಹೋದ್ರೆ ಹೆಚ್ಚು ದಿನ ಇರ್ತೀವಿ. ಬೆಟ್ಟಕ್ಕೆ ಎರಡು ಕಾರಿನ ಬದಲು ಒಂದು ದೊಡ್ಡ ವ್ಯಾನು.

ಆದ್ರೆ ಎಲ್ಲ ವಿಮಾನವೂ ಪ್ರವಾಸ ಅಲ್ಲ. 2024ರಲ್ಲಿ ಅಪ್ಪನಿಗೆ ಲಕ್ವ ಹೊಡೀತು. ಆ ವರ್ಷ ನಾನು ಆರು ಸಲ ಹಾರಿದೆ. ಶೀಟಿನಲ್ಲಿ ಬರೆದೆ: ಒಂದೂವರೆ ಟನ್ನಿಗಿಂತ ಜಾಸ್ತಿ. ಅಳಿಸಲಿಲ್ಲ, ಅದಕ್ಕೆ ಗಿಡದ ನೆಪವನ್ನೂ ಕೊಡಲಿಲ್ಲ. ಅದು ಬೇಕಾದ ಪ್ರಯಾಣ, ಅದರ ಹೊಗೆಯೂ ನಿಜ. ಎರಡೂ ಒಟ್ಟಿಗೆ ಇರಬಹುದು. ಬೇಡದ ಪ್ರಯಾಣ ಬಿಡೋಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಸಿಕ್ಕಿಲ್ಲ. ಬೇಕಾದಾಗ ಹಾರೋ ಅವಕಾಶ ಎಲ್ಲರಿಗೂ ಇರಲಿ ಅಂದ್ರೆ, ಬೇಡದಾಗ ಹಾರೋದನ್ನ ನಾವು ಬಿಡಬೇಕು.

ಗಿಡದ ಶೀಟಿನಲ್ಲಿ ಮೊದಲ ಕಾಲಂ "ಬದುಕಿದೆಯಾ". 2023ರ ಜುಲೈನಲ್ಲಿ ನಾವು ನೆಟ್ಟದ್ದು 40 ಮಾತ್ರ, ಒಂದು ಮನೆಗೆ ಎರಡು ಲೆಕ್ಕ, ಎರಡು ಹೆಚ್ಚುವರಿ. ಎಲ್ಲ ಇಲ್ಲಿಯದೇ ಜಾತಿ. ಅಕ್ಟೋಬರ್‌ನಿಂದ ಜೂನ್‌ವರೆಗೆ ಸರದಿ ಪ್ರಕಾರ ಭಾನುವಾರ ನೀರು. ಮಾಲಿಗೆ ತಿಂಗಳಿಗೆ ಸಂಬಳ, ಅದು ಸಸಿಯ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ. ಇದನ್ನ ಯಾರೂ ಮೊದಲೇ ಹೇಳಲ್ಲ, ನಾನು ಹೇಳ್ತಾ ಇದ್ದೀನಿ. ಮುಂದಿನ ಜೂನ್‌ನಲ್ಲಿ ಎಣಿಸಿದಾಗ 33 ಇತ್ತು. ಆ ಮೇಲೆ ವರ್ಷಕ್ಕೆ 25 ದಾಟಿಲ್ಲ. ನೋಡಿಕೊಳ್ಳೋಕೆ ಆಗೋದು ಅಷ್ಟೇ.

ನಿಮಗೆ ನನ್ನ ವಿನಂತಿ ಇಷ್ಟು. ಯಾರಾದ್ರೂ, ಟ್ರಾವೆಲ್ ಕಂಪನಿಯೋ, ಆಫೀಸೋ, ನನ್ನಂಥ ಎಕ್ಸೆಲ್ ವೀರನೋ, ನಿಮ್ಮ ಪ್ರವಾಸಕ್ಕೆ ಇಷ್ಟು ಗಿಡ ನೆಟ್ಟಿದ್ದೀವಿ ಅಂದ್ರೆ ನಾಲ್ಕು ಪ್ರಶ್ನೆ ಕೇಳಿ. ಯಾವ ಜಾತಿ? ಯಾರ ನೆಲ? ಬೇಸಿಗೆಯಲ್ಲಿ ನೀರು ಯಾರು ಹಾಕ್ತಾರೆ? ಮೂರು ವರ್ಷದ ಹಿಂದೆ ನೆಟ್ಟಿದ್ದರಲ್ಲಿ ಇವತ್ತು ಎಷ್ಟು ಇದೆ, ಹೋಗಿ ನೋಡಬಹುದಾ? ಉತ್ತರ ಚೆನ್ನಾಗಿದ್ರೆ ದುಡ್ಡು ಕೊಡಿ, ಜೊತೆಗೆ ಕೈಯನ್ನೂ ಕೊಡಿ. ಆದ್ರೆ ಅದರಿಂದ ಟಿಕೆಟ್‌ನ ಹೊಗೆ ಅಳಿಯಿತು ಅಂದುಕೊಳ್ಳಬೇಡಿ.

ಗೆಳೆಯನ ಮಗಳಿಗೆ ಈಗ ಹತ್ತು ವರ್ಷ. ಅವಳ ಹಳೇ ಸರ್ಟಿಫಿಕೇಟ್ ವಾಪಸ್ ತಗೊಂಡೆ, ನನ್ನ ಮೇಜಿನ ಎದುರು ಅಂಟಿಸಿದ್ದೀನಿ. 2023ರಲ್ಲಿ ಅವಳ ಮನೆಯ ಪಾಲಿಗೆ ಬಂದದ್ದು ಒಂದು ಧೌ, ಒಂದು ಮುತ್ತುಗ. ಮುತ್ತುಗ ಮೊದಲ ಚಳಿಗಾಲದಲ್ಲೇ ಹೋಯ್ತು. ಧೌ ಇದೆ, ಅವಳ ಭುಜದ ಎತ್ತರಕ್ಕೆ ಬಂದಿದೆ. ನಿಧಾನ ಬೆಳೆಯೋ ಮರ ಅದು. ಮುಂದಿನ ಭಾನುವಾರ ನೀರಿನ ಸರದಿ ಅವರದ್ದು.